ನಾರುಹುಣ್ಣು ಮತ್ತು ವಸ್ತ್ರಪೂತ ಜಲ

ಹತ್ತೊಂಬತ್ತನೆಯ ಶತಮಾನದ ಧಾರವಾಡ ಸೀಮೆಯ ರೋಗಚರಿತ್ರೆಯನ್ನು ಬರೆಯುವವರು ವಾಂತಿಭೇದಿಗೂ 1898ರ ಹುಬ್ಬಳ್ಳಿಯ ಪ್ಲೇಗಿಗೂ ಪುಟಗಳನ್ನು ಮೀಸಲಿಡುವುದು ಸಹಜವೇ. ಅವು ಕೆಲವೇ ದಿನಗಳಲ್ಲಿ ಮನೆಗಳನ್ನು ಬರಿದು ಮಾಡುತ್ತಿದ್ದ ಮಾರಿಗಳು. ನಾರುಹುಣ್ಣಾದರೋ ಪ್ರಾಣ ತೆಗೆಯುವುದು ವಿರಳ. ಆದರೆ ಮುಂಗಾರು ಬಿತ್ತಿಗೆಯ ಹೊತ್ತಿಗೆ ಕಾಲಿನಿಂದ ಒಂದೆರಡು ಮೊಳದ ಹುಳು ಹೊರಬೀಳತೊಡಗಿದರೆ ರೈತನು ವಾರಗಟ್ಟಲೆ ಹಾಸಿಗೆ ಹಿಡಿಯುತ್ತಿದ್ದನು. ಇಂಥ ನಷ್ಟವು ಮರಣದ ಪಟ್ಟಿಗೆ ಸೇರದು.

ನವಲಗುಂದ, ಅಣ್ಣಿಗೇರಿಗಳ ಎರೆನಾಡಿನಲ್ಲಿ ಬಾವಿ ತೋಡಿದರೆ ಬಹುಧಾ ಸವುಳು ನೀರು. ಆದುದರಿಂದ ಜನರಿಗೆ ಕೆರೆ ಹೊಂಡಗಳೇ ಗತಿಯಾಗಿದ್ದವು. ಕೊಡ ತಂದವರು ನೀರಿಗಿಳಿದೇ ತುಂಬಿಕೊಳ್ಳಬೇಕು. ಹುಣ್ಣಿನ ಕಾಲು ನೀರಿಗೆ ತಾಗಿದೊಡನೆ ಹುಳು ಅಸಂಖ್ಯ ಮರಿಗಳನ್ನು ಕಾರುತ್ತದೆ. ಸೈಕ್ಲಾಪ್ಸ್ ಎಂಬ ಸೂಕ್ಷ್ಮ ಜಲಕೀಟ ಅವನ್ನು ನುಂಗುತ್ತದೆ. ಆ ನೀರನ್ನು ಕುಡಿದವನಿಗೆ ಸುಮಾರು ಒಂದು ವರ್ಷದ ಮೇಲೆ ಹುಣ್ಣೇಳುತ್ತದೆ. ರಷ್ಯದ ಫೆಡ್ಚೆಂಕೊ ಎಂಬ ವಿದ್ವಾಂಸನು ಇದನ್ನು 1870ರ ಸುಮಾರಿಗೆ ಕಂಡುಹಿಡಿದನು. ಹಿಂದಿನ ವರ್ಷ ಕುಡಿದ ನೀರನ್ನು ಈ ವರ್ಷದ ಹುಣ್ಣಿಗೆ ಕಾರಣವೆಂದು ರೋಗಿಯು ಹೇಗೆ ಊಹಿಸಿಯಾನು?

ನಮ್ಮ ವೈದ್ಯಗ್ರಂಥಗಳಿಗೂ ಅದು ಹೊಳೆಯಲಿಲ್ಲ. ವೃಂದನ ಸಿದ್ಧಯೋಗದಲ್ಲಿಯೂ ಭಾವಪ್ರಕಾಶದಲ್ಲಿಯೂ ಈ ರೋಗಕ್ಕೆ ಸ್ನಾಯುಕವೆಂದು ಹೆಸರು. ಎಳೆಯು ಅಜಾಗ್ರತೆಯಿಂದ ಹರಿದರೆ ಕೈಕಾಲು ಸೆಡೆತು ಕುಂಟಾಗುವುದೆಂಬ ಎಚ್ಚರಿಕೆಯೂ ಭಾವಪ್ರಕಾಶದಲ್ಲಿದೆ. ಕಣ್ಣಾರೆ ಕಂಡವರ ಮಾತದು. ಕಾರಣವನ್ನು ಮಾತ್ರ ದೋಷಪ್ರಕೋಪದಲ್ಲಿ ಹುಡುಕಿದರು.

ಆಶ್ಚರ್ಯವೆಂದರೆ, ಪರಿಹಾರವು ಧರ್ಮಶಾಸ್ತ್ರದಲ್ಲಿತ್ತು. ಬಟ್ಟೆಯಲ್ಲಿ ಸೋಸಿದ ನೀರನ್ನೇ ಕುಡಿಯಬೇಕೆಂದು ಮನುಸ್ಮೃತಿಯ ಆರನೆಯ ಅಧ್ಯಾಯವು ವಿಧಿಸುತ್ತದೆ. ಆದರೆ ಅದು ಯತಿಗೆ ಹೇಳಿದ ನಿಯಮ, ಅದರ ಉದ್ದೇಶ ಅಹಿಂಸೆ. ಪೂರ್ವಿಕರಿಗೆ ಕ್ರಿಮಿಶಾಸ್ತ್ರವೆಲ್ಲ ತಿಳಿದಿತ್ತೆಂದು ಹಿಗ್ಗುವವರ ಗುಂಪಿಗೆ ನಾನು ಸೇರಿದವನಲ್ಲ. ಯತಿಗೆ ವಿಧಿಸಿದುದನ್ನು ಗೃಹಸ್ಥನ ಅಡಿಗೆಮನೆಗೂ ಕಡ್ಡಾಯ ಮಾಡಿದ್ದರೆ ಎಷ್ಟು ಕಾಲುಗಳು ಉಳಿಯುತ್ತಿದ್ದವೆಂಬುದೇ ನನ್ನ ವ್ಯಥೆ. ಗೃಹಸ್ಥರಲ್ಲಿಯೂ ಈ ವ್ರತವನ್ನು ವ್ಯಾಪಕವಾಗಿ ನೆಲೆಗೊಳಿಸಿದವರು ಜೈನರು. ಅಣ್ಣಿಗೇರಿಯು ಅವರ ಪುರಾತನ ಕೇಂದ್ರಗಳಲ್ಲೊಂದು. ಸೋಸಿದವನ ಮನೆಗೆ ಅದರಿಂದ ರಕ್ಷಣೆಯುಂಟು. ಆದರೆ ಬಟ್ಟೆಯಲ್ಲುಳಿದ ಜೀವಿಗಳನ್ನು ತಂದ ನೀರಿಗೇ ಮರಳಿ ಬಿಡಬೇಕೆಂಬುದೂ ಅವರ ವಿಧಿ. ಆದಕಾರಣ ಕೆರೆಯು ಇದ್ದಂತೆಯೇ ಇರುತ್ತಿತ್ತು.

1980ರ ದಶಕದಲ್ಲಿ ಸರಕಾರವು ಈ ರೋಗದ ನಿರ್ಮೂಲನಕ್ಕೆ ಕೈಹಾಕಿದಾಗ ಕರ್ನಾಟಕವೂ ಪೀಡಿತ ರಾಜ್ಯಗಳಲ್ಲೊಂದಾಗಿತ್ತು. ಮೆಟ್ಟಿಲ ಬಾವಿಗಳಿಗೆ ಕಟ್ಟೆ ಕಟ್ಟಿ ಕಾಲಿಡದಂತೆ ಮಾಡಿದರು, ನೀರಿಗೆ ಔಷಧ ಹಾಕಿದರು, ಮನೆಮನೆಗೆ ಸೋಸುವ ಬಟ್ಟೆ ಹಂಚಿದರು. ಭಾರತದ ಕೊನೆಯ ರೋಗಿಯು ಕಂಡುಬಂದುದು 1996ರಲ್ಲಿ, ರಾಜಸ್ಥಾನದಲ್ಲಿ.