ಮನೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಅಭ್ಯಾಸ: ಆಂಪ್ಲಿಫೈಯರ್ ಕೊಳ್ಳುವ ಮುನ್ನ

ಬೆಳಗಾವಿ: ಎಲೆಕ್ಟ್ರಿಕ್ ಗಿಟಾರ್‌ಗೆ ತನ್ನದೇ ಆದ ದನಿ ಇಲ್ಲವೆಂದೇ ಹೇಳಬೇಕು. ತಂತಿಗಳ ಕೆಳಗಿರುವ ಪಿಕಪ್ ಎಂಬ ಆಯಸ್ಕಾಂತ ಮತ್ತು ಸುರುಳಿಯ ಜೋಡಣೆಯು ತಂತಿಯ ಕಂಪನವನ್ನು ಅತಿ ಸಣ್ಣ ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತದೆ. ಅದನ್ನು ಹಿಗ್ಗಿಸಿ ಸ್ಪೀಕರ್‌ಗೆ ತಲುಪಿಸುವ ಆಂಪ್ಲಿಫೈಯರ್ ಆ ವಾದ್ಯದ ಇನ್ನರ್ಧವೇ ಸರಿ. ಆದರೆ ಕೊಳ್ಳುವಾಗ ಗಿಟಾರ್‌ನ ಬಣ್ಣ, ಕಂಪನಿಗಳ ವಿಚಾರಕ್ಕೆ ವಾರಗಟ್ಟಲೆ ಕಳೆಯುವವರು ಆಂಪ್ ವಿಷಯದಲ್ಲಿ ಕೇಳುವುದು ಒಂದೇ ಪ್ರಶ್ನೆ: ಎಷ್ಟು ವಾಟ್?

ಗಣೇಶೋತ್ಸವದ ರಸಮಂಜರಿ ವೇದಿಕೆಯಲ್ಲಿ ನುಡಿಸುವವರಿಗೆ ಈ ಪ್ರಶ್ನೆ ಯುಕ್ತ. ಮನೆಯಲ್ಲಿ ಅಭ್ಯಾಸ ಮಾಡುವವರಿಗೆ ಇದು ಕಟ್ಟಕಡೆಯ ಪ್ರಶ್ನೆಯಾಗಬೇಕು.

ವಾಟ್ ಲೆಕ್ಕ

ವಾಟ್ ಹೆಚ್ಚಿದಷ್ಟೇ ಸದ್ದೂ ಹೆಚ್ಚುತ್ತದೆ ಎಂಬುದು ತಪ್ಪು ತಿಳಿವಳಿಕೆ. 20 ವಾಟ್ ಆಂಪ್‌ನ ಬದಲು 40 ವಾಟ್‌ನದನ್ನು ತಂದರೆ ದೊರೆಯುವ ಹೆಚ್ಚಳ ಕೇವಲ 3 ಡೆಸಿಬೆಲ್. ಕಿವಿಗೆ ಸದ್ದು ಇಮ್ಮಡಿಯಾಗಿ ಕೇಳಬೇಕಾದರೆ ಶಕ್ತಿ ಸುಮಾರು ಹತ್ತು ಪಟ್ಟು ಹೆಚ್ಚಬೇಕು. ಗಿಟಾರ್‌ಗೆಂದೇ ತಯಾರಾದ ಉತ್ತಮ ಸ್ಪೀಕರ್ ಒಂದೇ ವಾಟ್ ಶಕ್ತಿಯಲ್ಲಿ ಒಂದು ಮೀಟರ್ ದೂರಕ್ಕೆ 95 ಡೆಸಿಬೆಲ್‌ನಷ್ಟು ಸದ್ದು ಮಾಡಬಲ್ಲದು. ಪಡಸಾಲೆಯಲ್ಲಿ ಕುಳಿತವರು ಎದ್ದು ಹೋಗಲು ಅಷ್ಟು ಸಾಕು. ಎರಿಕ್ ಕ್ಲಾಪ್ಟನ್ 1970ರಲ್ಲಿ ‘ಲೈಲಾ’ ಧ್ವನಿಮುದ್ರಣಕ್ಕೆ ಬಳಸಿದ್ದು ಫೆಂಡರ್ ಚಾಂಪ್ ಎಂಬ ಪುಟ್ಟ ಆಂಪ್.

ಆದ್ದರಿಂದ ಮನೆಗೆ 3ರಿಂದ 20 ವಾಟ್ ಧಾರಾಳ. ವಾಟ್‌ಗಿಂತ ಸ್ಪೀಕರ್‌ನ ಅಳತೆ ಮುಖ್ಯ. ಫೆಂಡರ್ ಫ್ರಂಟ್‌ಮ್ಯಾನ್ 10ಜಿ ಹಾಗೂ ಆರೆಂಜ್ ಕ್ರಶ್ 12ರಲ್ಲಿ 6 ಇಂಚಿನ, ಮಾರ್ಷಲ್ ಎಂಜಿ10ರಲ್ಲಿ 6.5 ಇಂಚಿನ ಸ್ಪೀಕರ್ ಇದೆ. ಆರೆಂಜ್ ಕ್ರಶ್ 20ರದು 8 ಇಂಚು. ಮೇಲಿನ ದಪ್ಪ ತಂತಿಗಳನ್ನು ನುಡಿಸಿದಾಗ ಈ ಎರಡಿಂಚಿನ ವ್ಯತ್ಯಾಸ ಸ್ಪಷ್ಟವಾಗಿ ಕೇಳುತ್ತದೆ. ವಾಲ್ವ್ ಆಂಪ್‌ನ ಆಸೆಯನ್ನು ಸದ್ಯಕ್ಕೆ ಬದಿಗಿಡುವುದು ಲೇಸು. ಅದರ ನಿಜವಾದ ಸೊಗಸು ಹೊರಡುವುದು ದನಿ ಏರಿಸಿದಾಗ. ಅಲ್ಲದೆ ಒಳಗೆ 300 ವೋಲ್ಟ್ ಮೀರಿದ ವಿದ್ಯುತ್ ಇದ್ದು, ಸ್ವಿಚ್ ಆರಿಸಿದ ಮೇಲೂ ಅದು ಕೆಪಾಸಿಟರ್‌ಗಳಲ್ಲಿ ಉಳಿದಿರಬಲ್ಲದು.

ನಾನಾ ಆಂಪ್‌ಗಳ ನಾದವನ್ನು ಅನುಕರಿಸುವ ಡಿಜಿಟಲ್ ಬಗೆಯವು ತಗ್ಗಿದ ದನಿಯಲ್ಲೂ ತುಂಬು ನಾದ ಕೊಡುತ್ತವೆ. 2011ರಲ್ಲಿ ಬಂದ ಯಮಹಾ ಟಿಎಚ್‌ಆರ್ ಈ ಉದ್ದೇಶಕ್ಕೆಂದೇ ರೂಪುಗೊಂಡದ್ದು. 2016ರ ಬಾಸ್ ಕಟಾನಾ 50ರಲ್ಲಿ ಶಕ್ತಿಯನ್ನು ಅರ್ಧ ವಾಟ್‌ಗೆ ಇಳಿಸುವ ಗುಂಡಿ ಇತ್ತು. ಮುಂದೆ ವೇದಿಕೆ ಏರುವ ಹಂಬಲವಿದ್ದವರಿಗೆ ಇಂಥದು ಹೊಂದುತ್ತದೆ, ಬೆಲೆ ಮಾತ್ರ ಹೆಚ್ಚು.

ಗೋಡೆ ಹಂಚಿಕೊಂಡ ಮನೆಗಳು

ಶಹಾಪುರ, ವಡಗಾವಿ, ಖಾಸಬಾಗಗಳ ಓಣಿಗಳಲ್ಲಿ ಒಂದು ಮನೆಯ ಗೋಡೆಯೇ ಪಕ್ಕದ ಮನೆಯ ಗೋಡೆಯೂ ಹೌದು. ವಿದ್ಯುತ್ ಮಗ್ಗಗಳ ಸದ್ದು ಅಲ್ಲಿನವರಿಗೆ ಹೊಸದಲ್ಲ. ಆದರೆ ಮಗ್ಗದ ಲಯ ಒಂದೇ ಸಮನಾದದ್ದು, ಕಿವಿ ಅದನ್ನು ಮರೆತುಬಿಡುತ್ತದೆ. ಒಂದೇ ಪಾಠವನ್ನು ಐವತ್ತು ಸಲ ತಪ್ಪಾಗಿ ಬಾರಿಸುವ ಗಿಟಾರನ್ನು ಯಾವ ಕಿವಿಯೂ ಮರೆಯಲಾರದು. ಕಾಯಿದೆಯೂ ನೆರೆಯವರ ಪರವಾಗಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್. ಖಾಸಗಿ ಧ್ವನಿ ಉಪಕರಣದ ಸದ್ದು ಮನೆಯ ಗಡಿಯಲ್ಲಿ ಈ ಮಿತಿಯನ್ನು 5 ಡೆಸಿಬೆಲ್‌ಗಿಂತ ಹೆಚ್ಚು ಮೀರುವಂತಿಲ್ಲ.

ಹೀಗಾಗಿ ಹೆಡ್‌ಫೋನ್ ರಂಧ್ರವಿಲ್ಲದ ಆಂಪನ್ನು ಇಂಥ ಓಣಿಗೆ ತರಲೇಬಾರದು. ಹೆಡ್‌ಫೋನ್ ಸಿಕ್ಕಿಸಿದಾಗ ಸ್ಪೀಕರ್ ಪೂರ್ತಿ ಬಂದಾಗುತ್ತದೆಯೇ ಎಂಬುದನ್ನು ಅಂಗಡಿಯಲ್ಲೇ ನೋಡಿಕೊಳ್ಳಬೇಕು. ಬ್ಲೂಟೂತ್ ಹೆಡ್‌ಫೋನ್ ಈ ಕೆಲಸಕ್ಕೆ ಬಾರದು. ತಂತಿ ಮೀಟಿದ ಎಷ್ಟೋ ಹೊತ್ತಿಗೆ ಸ್ವರ ಕೇಳಿದಂತಾಗಿ ತಾಳ ಕೆಡುತ್ತದೆ. ತೀರ ಅಗ್ಗದ ದಾರಿ ಬೇಕಾದವರಿಗೆ ಗಿಟಾರ್‌ಗೇ ಸಿಕ್ಕಿಸುವ ವಾಕ್ಸ್ ಆಂಪ್ಲಗ್ ಉಂಟು. ಹೆಡ್‌ಫೋನ್ ಇದೆಯೆಂದು ದನಿ ಏರಿಸುತ್ತ ಹೋಗುವುದೂ ತರವಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಸೂಚಿಸಿರುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್.

ಸ್ಪೀಕರ್‌ನಲ್ಲೇ ನುಡಿಸುವಾಗ ಆಂಪನ್ನು ನೆಲದ ಮೇಲಿಡದೆ ಕುರ್ಚಿಯ ಮೇಲೆ, ಹಂಚಿಕೊಂಡ ಗೋಡೆಯಿಂದ ದೂರ ಇಟ್ಟರೆ ಮಂದ್ರಸ್ವರಗಳ ಗುಂಯ್‌ಗಾಟ ಎಷ್ಟೋ ತಗ್ಗುತ್ತದೆ. ಕಿವಿಯ ಎತ್ತರಕ್ಕೆ ಬಂದರೆ ಕಡಿಮೆ ದನಿಯೂ ಸಾಕೆನಿಸುತ್ತದೆ.

ಮೂರನೆಯ ಪಿನ್

ಹಳೆಯ ಮನೆಗಳ ಮಟ್ಟಿಗೆ ಇದು ಎಲ್ಲಕ್ಕಿಂತ ಮುಖ್ಯ. ಗಿಟಾರ್‌ನ ತಂತಿಗಳು ಕೇಬಲ್‌ನ ಹೊರಕವಚದ ಮೂಲಕ ಆಂಪ್‌ನ ಲೋಹದ ಚೌಕಟ್ಟಿಗೂ, ಚೌಕಟ್ಟು ಪ್ಲಗ್‌ನ ಮೂರನೆಯ ಪಿನ್ನಿಗೂ ಸೇರಿರುತ್ತವೆ. ಅಂದರೆ ನುಡಿಸುವವರ ಬೆರಳು ಸದಾ ಮನೆಯ ಅರ್ಥಿಂಗ್‌ಗೆ ತಗುಲಿಕೊಂಡಿರುತ್ತದೆ. ಅರ್ಥಿಂಗ್ ಸರಿಯಿದ್ದರೆ ದೋಷದ ವಿದ್ಯುತ್ತು ನೆಲಕ್ಕಿಳಿದು ಫ್ಯೂಸ್ ಹಾರುತ್ತದೆ. ಇಲ್ಲವಾದರೆ ಅದು ದಾರಿ ಮಾಡಿಕೊಳ್ಳುವುದು ಮೈಯ ಮೂಲಕವೇ. ಯಾರ್ಡ್‌ಬರ್ಡ್ಸ್ ತಂಡದ ಗಾಯಕ ಕೀತ್ ರೆಲ್ಫ್ 1976ರಲ್ಲಿ ಮೃತಪಟ್ಟದ್ದು ಮನೆಯಲ್ಲಿ, ಅರ್ಥಿಂಗ್ ಸರಿಯಿಲ್ಲದ ಗಿಟಾರ್ ನುಡಿಸುತ್ತಿದ್ದಾಗ. 1972ರಲ್ಲಿ ಸ್ವಾನ್ಸಿಯ ವೇದಿಕೆಯಲ್ಲಿ ಲೆಸ್ ಹಾರ್ವೆ ಮೈಕ್ ಮುಟ್ಟಿ ಸತ್ತದ್ದೂ ಇಂಥದೇ ದೋಷದಿಂದ.

ಆಂಪ್ ಗುಂಯ್‌ಗುಟ್ಟುತ್ತದೆಂದು ಮೂರನೆಯ ಪಿನ್ ಮುರಿಯುವ ಚಾಳಿಯುಂಟು. ಇದಕ್ಕಿಂತ ಅಪಾಯದ ಕೆಲಸ ಇನ್ನೊಂದಿಲ್ಲ. ಗುಂಯ್‌ಗಾಟಕ್ಕೆ ಹೆಚ್ಚಾಗಿ ಕಾರಣ ಒಂಟಿ ಸುರುಳಿಯ ಪಿಕಪ್, ಫ್ಯಾನ್ ರೆಗ್ಯುಲೇಟರ್, ಅಗ್ಗದ ಎಲ್‌ಇಡಿ ದೀಪ ಅಥವಾ ಹತ್ತಿರದ ಮೋಟಾರು. ದೀಪ ಆರಿಸಿ, ಗಿಟಾರ್ ಹಿಡಿದು ಬೇರೆ ದಿಕ್ಕಿಗೆ ತಿರುಗಿ ಕುಳಿತರೆ ಕಾರಣ ತಾನಾಗಿ ತಿಳಿಯುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಕೆಲವು ಆಮದು ಆಂಪ್‌ಗಳೊಂದಿಗೆ ಯುರೋಪ್ ಮಾದರಿಯ ಪ್ಲಗ್ ಬರುತ್ತದೆ. ಅದರ ಅರ್ಥಿಂಗ್ ಪಟ್ಟಿ ಪಕ್ಕದಲ್ಲಿರುವುದರಿಂದ ನಮ್ಮ ಸಾಕೆಟ್‌ಗೆ ಸಿಕ್ಕಿಸಿದಾಗ ಅರ್ಥಿಂಗ್ ಸೇರುವುದೇ ಇಲ್ಲ. ಹಿಂಬದಿಯಲ್ಲಿ ಕಂಪ್ಯೂಟರ್ ಮಾದರಿಯ ರಂಧ್ರವಿದ್ದರೆ, ಕಂಪ್ಯೂಟರ್‌ಗೆ ಬಳಸುವ ಮೂರು ಪಿನ್ನಿನ ಕೇಬಲ್ ಹಾಕಿದರಾಯಿತು. ಅಡಾಪ್ಟರ್‌ನಿಂದ ನಡೆಯುವ ಸಣ್ಣ ಆಂಪ್‌ಗಳ ಮಾತು ಬೇರೆ, ಅವುಗಳಿಗೆ ಸಾಮಾನ್ಯವಾಗಿ ಅರ್ಥಿಂಗ್ ಬೇಕಿಲ್ಲ. ಉಳಿದಂತೆ ಎಲೆಕ್ಟ್ರಿಷಿಯನ್‌ರಿಂದ ಅರ್ಥಿಂಗ್ ಪರೀಕ್ಷೆ ಮಾಡಿಸಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸುವ ಖರ್ಚನ್ನು ಆಂಪ್‌ನ ಬೆಲೆಯೊಳಗೇ ಸೇರಿಸಿಕೊಳ್ಳುವುದು ವಿವೇಕ. ಬೇಸಿಗೆಯಲ್ಲಿ ನೆಲ ಒಣಗಿ ಅರ್ಥಿಂಗ್ ದುರ್ಬಲವಾಗುವುದರಿಂದ ಪರೀಕ್ಷೆಗೆ ಏಪ್ರಿಲ್, ಮೇ ತಿಂಗಳು ತಕ್ಕ ಕಾಲ.

ಖಾನಾಪುರದ ಮಳೆ

ಬೆಳಗಾವಿಯಿಂದ ಸುಮಾರು 26 ಕಿಲೋಮೀಟರ್ ದೂರದ ಖಾನಾಪುರದಲ್ಲಿ ಪರಿಸ್ಥಿತಿಯೇ ಬೇರೆ. ಮಲಪ್ರಭೆ ಹುಟ್ಟುವ ಕಣಕುಂಬಿ, ಜಾಂಬೋಟಿಯ ಕಡೆಗೆ ಆರಿದ್ರಾ, ಪುನರ್ವಸು ಮಳೆ ಹಿಡಿದರೆ ಬಿಡುವುದಿಲ್ಲ. ಕೊಂಬೆ ಬಿದ್ದು ತಂತಿ ಹರಿದರೆ ಕರೆಂಟು ಯಾವಾಗ ಬಂದೀತೆಂದು ಹೇಳಲಾಗದು. ಹಂಚಿನ ಮೇಲೆ ಮಳೆ ಸುರಿಯುವಾಗ ನೆರೆಯವರ ದೂರಿನ ಭಯವಿಲ್ಲ. ಆದರೆ ತನ್ನ ನುಡಿಸಾಣಿಕೆ ತನಗೇ ಕೇಳದು.

ಇಲ್ಲಿ ಬ್ಯಾಟರಿಯಿಂದಲೂ ನಡೆಯುವ ಆಂಪ್ ಹೆಚ್ಚು ಉಪಯುಕ್ತ. ರೋಲ್ಯಾಂಡ್ ಮೈಕ್ರೋ ಕ್ಯೂಬ್ ಜಿಎಕ್ಸ್, ಬ್ಲ್ಯಾಕ್‌ಸ್ಟಾರ್ ಫ್ಲೈ 3, ಬಾಸ್ ಕಟಾನಾ ಮಿನಿ ಮೂರೂ ಆರಾರು ಎಎ ಸೆಲ್‌ಗಳಲ್ಲಿ ಕೆಲಸ ಮಾಡುತ್ತವೆ. ಫ್ಲೈ ತೀರ ಚಿಕ್ಕದು, 3 ಇಂಚಿನ ಸ್ಪೀಕರ್. ಮೈಕ್ರೋ ಕ್ಯೂಬ್‌ನದು 5 ಇಂಚು. 2023ರಲ್ಲಿ ಬಂದ ಸ್ಪಾರ್ಕ್ ಗೋ ಮೊಬೈಲ್‌ನಂತೆ ಯುಎಸ್‌ಬಿಯಿಂದ ಚಾರ್ಜ್ ಆಗುತ್ತದೆ. ಮನೆಯ ಇನ್ವರ್ಟರ್ ಮೇಲೆ ದೊಡ್ಡ ಆಂಪ್ ನಡೆಸುವವರು ಅದು ಸೈನ್ ವೇವ್ ಬಗೆಯದೇ ಎಂದು ನೋಡಬೇಕು. ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಕಿರಿಕಿರಿಯ ಸದ್ದು ನುಸುಳಬಹುದು.

ಮಳೆಗಾಲದ ಥಂಡಿಗೆ ಸ್ಪೀಕರ್‌ನ ಕಾಗದದ ಕೋನ್‌ಗೆ ಬೂಷ್ಟು ಹಿಡಿಯುತ್ತದೆ, ಗುಂಡಿಗಳು ತಿರುಗಿಸಿದಾಗ ಕರಕರ ಎನ್ನುತ್ತವೆ. ವಾರಕ್ಕೆರಡು ಬಾರಿ ಆಂಪ್ ಹಚ್ಚುವುದೇ ಇದಕ್ಕೆ ಸುಲಭ ಉಪಾಯ, ಒಳಗಿನ ಬಿಸಿಗೆ ತೇವ ಆರುತ್ತದೆ. ಬ್ಯಾಟರಿಗಳನ್ನು ಒಳಗೇ ಬಿಟ್ಟು ತಿಂಗಳುಗಟ್ಟಲೆ ಮುಚ್ಚಿಡಬಾರದು. ಗುಡುಗು ಸಿಡಿಲಿನ ಹೊತ್ತಿಗೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು.

ಅಮೆರಿಕದಲ್ಲಿರುವ ಬಂಧುಗಳಿಂದ ಆಂಪ್ ತರಿಸುವವರಿಗೊಂದು ಮಾತು. ಅಲ್ಲಿನ ವಿದ್ಯುತ್ 120 ವೋಲ್ಟ್, ನಮ್ಮದು 230. ಹಿಂಬದಿಯ ಬರಹ ಓದದೆ ಸಿಕ್ಕಿಸಿದರೆ ಆಂಪ್ ಸುಟ್ಟುಹೋದೀತು.

ಕೊಳ್ಳುವಾಗ

ಮಾದರಿಗಳನ್ನು ಹೋಲಿಸಿ ನೋಡಲು ಗೋವಾ, ಪುಣೆ ಅಥವಾ ಬೆಂಗಳೂರಿಗೆ ಹೋಗುವವರು ತಮ್ಮದೇ ಗಿಟಾರ್ ಒಯ್ಯಬೇಕು. ಅಂಗಡಿಯವರು ದನಿ ಏರಿಸಿ ತೋರಿಸುತ್ತಾರೆ, ಏರಿಸಿದಾಗ ಎಲ್ಲ ಆಂಪ್‌ಗಳೂ ಚೆನ್ನಾಗಿಯೇ ಕೇಳುತ್ತವೆ. ಪಕ್ಕದವರ ಮಾತು ಕೇಳುವಷ್ಟು ತಗ್ಗಿಸಿ ಹತ್ತು ನಿಮಿಷ ನುಡಿಸಿದಾಗಲೂ ನಾದ ಬಡಕಲಾಗದ ಆಂಪ್ ಮನೆಗೆ ತಕ್ಕದ್ದು.

ಆರ್ಕೆಸ್ಟ್ರಾದವರಿಂದ ಹಳೆಯ ಆಂಪ್ ಕೊಳ್ಳುವವರು ಪ್ರತಿ ಗುಂಡಿಯನ್ನೂ ತಿರುಗಿಸಿ, ಕೇಬಲ್ ಸಿಕ್ಕಿಸುವ ಜಾಗವನ್ನು ಅಲುಗಾಡಿಸಿ, ಸ್ಪೀಕರ್‌ಗೆ ಟಾರ್ಚ್ ಹಿಡಿದು ಹರಿದಿದೆಯೇ ಎಂದು ನೋಡಬೇಕು. ಹಣ ಕೊಡುವ ಮುನ್ನ ಪ್ಲಗ್ ಹಿಡಿದು ಮೂರೂ ಪಿನ್ ಇವೆಯೇ ಎಂದು ಎಣಿಸಿಕೊಳ್ಳಬೇಕು.