1940: ಒಂದು ಪಟ್ಟಾಭಿಷೇಕದ ವರ್ಷ

ಜಪಾನ್ ದೇಶದಲ್ಲಿ ಹೊಸ ಚಕ್ರವರ್ತಿಯು ಪಟ್ಟಕ್ಕೆ ಬಂದನೆಂದರೆ ಶಕೆಯ ಹೆಸರೇ ಬದಲಾಗುವುದು. 1926ರ ಡಿಸೆಂಬರಿನಲ್ಲಿ ತೈಶೋ ಶಕೆಯು ಮುಗಿದು ಷೋವಾ ಶಕೆಯು ಮೊದಲಾದುದು ಹೀಗೆಯೇ. ನಮ್ಮ ಮೈಸೂರು ಸೀಮೆಯಲ್ಲಾದರೋ ಅರಸು ಬದಲಾದರೂ ಸಂವತ್ಸರವು ತನ್ನ ಪಾಡಿಗೆ ತಾನು ನಡೆಯುತ್ತಿದ್ದಿತು. ಹಾಗಾದರೆ ಇಲ್ಲಿ ಪಟ್ಟಾಭಿಷೇಕದಿಂದ ಬದಲಾಗುತ್ತಿದ್ದುದೇನು, ಉಳಿಯುತ್ತಿದ್ದುದೇನು? 1940ನೆಯ ವರ್ಷವನ್ನು ಮುಂದಿಟ್ಟುಕೊಂಡು ವಿಚಾರಿಸೋಣ.

ಪ್ರಮಾಥಿ ಸಂವತ್ಸರದ ಕೊನೆಯಲ್ಲಿ, ಮಾರ್ಚಿ 11ರಂದು, ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಬೊಂಬಾಯಿಯಲ್ಲಿ ತೀರಿಕೊಂಡರು. ವಿಕ್ರಮ ಸಂವತ್ಸರವು ಹುಟ್ಟಿದ ಕೆಲವೇ ತಿಂಗಳಲ್ಲಿ, ಆಗಸ್ಟ್ 3ರಂದು, ನಾಲ್ವಡಿ ಕೃಷ್ಣರಾಜ ಒಡೆಯರೂ ಕಾಲವಾದರು. ಉತ್ತರಾಧಿಕಾರಿಯಾಗಬೇಕಾಗಿದ್ದ ತಮ್ಮನು ಅಣ್ಣನಿಗಿಂತ ಮೊದಲೇ ಹೋದುದರಿಂದ ಸಿಂಹಾಸನವು ತಮ್ಮನ ಮಗನಿಗೆ ಬಂದಿತು. ಸೆಪ್ಟೆಂಬರ್ 8ರಂದು ಪಟ್ಟವೇರಿದಾಗ ಜಯಚಾಮರಾಜ ಒಡೆಯರಿಗೆ ವಯಸ್ಸು 21.

ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಯಿಂದ ನೋಡಿದರೆ ಈ ಪಟ್ಟದ ಅರ್ಥವು ಇನ್ನಷ್ಟು ತಿಳಿಯಾಗುವುದು. ನಾಲ್ವಡಿಯವರು ರಾಜ್ಯಾಧಿಕಾರವನ್ನು ವಹಿಸಿಕೊಂಡ 1902ರಲ್ಲಿಯೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯು ಹರಿಯಿತು. ಆಮೇಲೆ ಕಾವೇರಿಗೆ ಕನ್ನಂಬಾಡಿಯಲ್ಲಿ ಕಟ್ಟೆ ಬಿದ್ದಿತು. ಇಂದು ವಿಶ್ವೇಶ್ವರಯ್ಯ ನಾಲೆಯೆನಿಸಿರುವ ಅಂದಿನ ಇರ್ವಿನ್ ನಾಲೆಯು ರಾಗಿಯ ಹೊಲಗಳನ್ನು ಕಬ್ಬು ಬತ್ತಗಳ ಗದ್ದೆಗಳಾಗಿ ಮಾಡಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪೆನಿಯು ಸ್ಥಾಪಿತವಾಯಿತು. 1939ರ ಜುಲೈ 1ರಂದು ಮಂಡ್ಯವು ಜಿಲ್ಲೆಯಾಯಿತು. ಅರಸರು ಕಾಲವಾದ ಆಷಾಢದಲ್ಲಿ ನಾಲೆಯ ನೀರೇನೂ ನಿಲ್ಲಲಿಲ್ಲ. ಒಬ್ಬರ ಆಯುಸ್ಸನ್ನು ಮೀರಿ ನಡೆಯುವ ಸಂಸ್ಥೆಗಳನ್ನು ಕಟ್ಟಿದುದೇ ಹಳೆಯ ಅರಸರ ನಿಜವಾದ ಸಂಪಾದನೆಯೆಂದು ನಾವು ತಿಳಿಯುತ್ತೇವೆ.

ಆದರೆ ಹೊಸಬರಿಗೆ ಬಂದುದು ಆಸ್ತಿಯೊಂದೇ ಅಲ್ಲ, ಒಂದು ಪ್ರಶ್ನೆಯೂ ಬಂದಿತು. 1938ರ ಏಪ್ರಿಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ, ಸರ್ಕಾರದ ನಿಷೇಧವನ್ನು ಮೀರಿ, ಟಿ. ಸಿದ್ಧಲಿಂಗಯ್ಯನವರು ರಾಷ್ಟ್ರಧ್ವಜವನ್ನು ಏರಿಸಿ ಸೆರೆಯಾದರು. ನಾಲೆಯನ್ನೂ ಕಾರ್ಖಾನೆಯನ್ನೂ ಕೊಟ್ಟ ಸರ್ಕಾರವು ಪ್ರಜೆಗೆ ಹೊಣೆಯಾಗಿರಬೇಕೇ ಬೇಡವೇ ಎಂಬುದೇ ಅಲ್ಲಿ ಎದ್ದ ಪ್ರಶ್ನೆ. ನೀರು ಕಂಡ ನಾಡೇ ಇದನ್ನು ಕೇಳಿತೆಂಬುದು ಗಮನಾರ್ಹ. ಹೊಟ್ಟೆ ತುಂಬಿಸುವ ಆಳ್ವಿಕೆಯು ಬಾಯಿ ಮುಚ್ಚಿಸಲಾರದು.

ಉತ್ತರಕ್ಕೆ ಏಳು ವರ್ಷ ಹಿಡಿಯಿತು. ಮತ್ತೊಂದು ಚಳವಳಿ ನಡೆದ ಮೇಲೆ, 1947ರ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು. 1950ರಲ್ಲಿ ಗಣರಾಜ್ಯವು ಹುಟ್ಟಿದಾಗ 1940ರ ಅರಸರು ರಾಜಪ್ರಮುಖರಾದರು. ಮೈಸೂರಿನಲ್ಲಿ ಆ ಬಳಿಕ ಆಳುವ ಅರಸನಿಗೆ ಪಟ್ಟವಾಗಲಿಲ್ಲ. ಉತ್ತರಾಧಿಕಾರವು ಪ್ರಜೆಗಳಿಗೆ ಸಂದಿತು.