ಮಾಟಗಾತಿಯ ಮೊಮ್ಮಗ

ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪಂದ್ಯವೆಂದರೆ ಮೈದಾನದ ಅಂಚಿನಲ್ಲಿ ಒಂದು ಮರ ಕುಣಿಯಲೇಬೇಕು. ಗುಡ್ಡೆಗಣ್ಣು, ಅಗಲ ಬಾಯಿ, ಮೈತುಂಬ ಹಸಿರು ಬಟ್ಟೆಯ ಎಲೆ. ಒಳಗೆ ಬೆವರುತ್ತಿರುವುದು ಯಾರೋ ವಿದ್ಯಾರ್ಥಿ. ಇಂಥ ವೇಷಕ್ಕೆ ಮ್ಯಾಸ್ಕಾಟ್ ಎನ್ನುತ್ತಾರೆ. ಆ ಪದದ ಬೇರು ಅಗೆಯುತ್ತ ಹೋದರೆ ಸಿಗುವವಳು ಮಾಟಗಾತಿ.

ಇಟಲಿಯಲ್ಲಿ ಲೊಂಬಾರ್ಡರ ದೊರೆ ರೊಥಾರಿ 643ರಲ್ಲಿ ಲ್ಯಾಟಿನ್ನಿನಲ್ಲಿ ಬರೆಸಿದ ಕಾನೂನಿನಲ್ಲಿ 'ಮಸ್ಕಾ' ಬರುತ್ತಾಳೆ. ಹೆಂಗಸೊಬ್ಬಳು ಬದುಕಿರುವವನನ್ನು ಒಳಗೊಳಗೇ ತಿಂದುಹಾಕುತ್ತಾಳೆಂಬುದು ನಂಬುವ ಮಾತಲ್ಲ, ಮಸ್ಕಾ ಎಂದು ದೂರಿ ಯಾರದೋ ದಾಸಿಯನ್ನು ಕೊಲ್ಲಕೂಡದು ಎನ್ನುತ್ತದೆ ಕಟ್ಟಳೆ. ಏಳನೆಯ ಶತಮಾನಕ್ಕೆ ದೊಡ್ಡ ಮಾತೇ. ಇದೇ ಪದಕ್ಕೆ ಮುಖವಾಡವೆಂಬ ಅರ್ಥವೂ ಇತ್ತು. ಮುಖವಾಡದ 'ಮಾಸ್ಕ್' ಬಂದದ್ದು ಅರಬ್ಬಿಯ 'ಮಸ್ಖರಾ', ಅಂದರೆ ವಿದೂಷಕನಿಂದ ಎನ್ನುವ ಪಂಡಿತರೂ ಇದ್ದಾರೆ. ಜಗಳ ಬಗೆಹರಿದಿಲ್ಲ. ಅವರು ಗೆದ್ದರೆ ನಮ್ಮ 'ಮಸ್ಕಿರಿ'ಯೂ ದೂರದ ನೆಂಟ!

ದಕ್ಷಿಣ ಫ್ರಾನ್ಸಿನ ಪ್ರೊವೆನ್ಸಾಲ್ ನುಡಿಯಲ್ಲಿ 'ಮಸ್ಕೊ' ಮಾಟಗಾತಿ, 'ಮಸ್ಕೊತೊ' ಅವಳ ಮಾಟ. ಜೂಜುಕೋರರ ಬಾಯಿಗೆ ಬಿದ್ದ ಮೇಲೆ ಅದೇ ಅದೃಷ್ಟ ತರುವ ತಾಯಿತವಾಯಿತು. ಕಟ್ಟುವ ಮನೆಗೆ ಕೋರೆಹಲ್ಲಿನ ದೃಷ್ಟಿಬೊಂಬೆ ತೂಗುಹಾಕುವ ನಮಗೆ ಈ ಪಲ್ಲಟ ವಿಚಿತ್ರವೆನಿಸಬೇಕಿಲ್ಲ. 1880ರ ಡಿಸೆಂಬರಿನಲ್ಲಿ ಎಡ್ಮಂಡ್ ಓಡ್ರಾನ್‌ನ 'ಲಾ ಮಸ್ಕಾಟ್' ಎಂಬ ಸಂಗೀತ ನಾಟಕ ಪ್ಯಾರಿಸ್ಸಿನಲ್ಲಿ ರಂಗಕ್ಕೇರಿತು. ಟರ್ಕಿ ಕೋಳಿ ಕಾಯುವ ಬೆತ್ತೀನಾ ಕಾಲಿಟ್ಟ ಮನೆಗೆಲ್ಲ ಭಾಗ್ಯ, ಆದರೆ ಅವಳು ಕನ್ಯೆಯಾಗಿರುವಷ್ಟು ದಿನ ಮಾತ್ರ. ಎಲ್ಲರ ಅದೃಷ್ಟಕ್ಕೆ ಪಾಪ ಆ ಹುಡುಗಿ ಕಾವಲು! ನಾಟಕ ಗೆದ್ದಿತು, ಮರುವರ್ಷವೇ ಪದ ಇಂಗ್ಲಿಷಿಗೆ ದಾಟಿತು.

ಅಮೆರಿಕದ ಆಟಗಾರರು ಅದನ್ನು ಎತ್ತಿಕೊಂಡರು. ಯೇಲ್ ವಿಶ್ವವಿದ್ಯಾಲಯಕ್ಕೆ 1889ರಲ್ಲಿ 'ಹ್ಯಾಂಡ್ಸಮ್ ಡ್ಯಾನ್' ಎಂಬ ಬುಲ್‌ಡಾಗ್ ಬಂತು. ಸತ್ತ ಮೇಲೆ ಅದರ ದೇಹವನ್ನು ಕೆಡದಂತೆ ಮಾಡಿ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಇಲ್ಲಿಯವರೆಗೂ ಬಂದದ್ದು ಹುಡುಗಿ, ನಾಯಿ; ಮುಖವಾಡದ ಸುಳಿವಿಲ್ಲ. ಅದು ಮರಳಿದ್ದು ಮನುಷ್ಯರೇ ವೇಷದೊಳಗೆ ಹೊಕ್ಕಾಗ.

ಸ್ಟ್ಯಾನ್‌ಫರ್ಡಿನ ತಂಡಕ್ಕೆ 1930ರಿಂದ 'ಇಂಡಿಯನ್ಸ್' ಎಂಬ ಹೆಸರಿತ್ತು. ಮೂಲನಿವಾಸಿ ವಿದ್ಯಾರ್ಥಿಗಳು ಪ್ರತಿಭಟಿಸಿದ ಮೇಲೆ 1972ರಲ್ಲಿ ಕೈಬಿಟ್ಟರು. ಬದಲಿಗೆ ವಿದ್ಯಾರ್ಥಿಗಳು ಆರಿಸಿದ ಹೆಸರು 'ರಾಬರ್ ಬ್ಯಾರನ್ಸ್', ದರೋಡೆಕೋರ ಧನಿಕರು. ಸಂಸ್ಥಾಪಕ ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ ರೈಲ್ವೆ ಕುಬೇರ. ಆಡಳಿತಕ್ಕೆ ಈ ಮಸ್ಕಿರಿ ಹಿಡಿಸಲಿಲ್ಲ. ಕೊನೆಗೆ ಉಳಿದದ್ದು 'ಕಾರ್ಡಿನಲ್' ಎಂಬ ಕೆಂಪು ಬಣ್ಣವೊಂದೇ. ಬಣ್ಣ ಕುಣಿಯಬಲ್ಲದೆ? 1975ರಲ್ಲಿ ಕಾಲೇಜಿನ ಬ್ಯಾಂಡು ಹೊಗೆಯಾಡುವ ಮ್ಯಾನ್‌ಹೋಲ್, ಆಲೂಗೆಡ್ಡೆ ಫ್ರೈ ಎಲ್ಲ ಮಾಡಿ ನೋಡಿತು. ಜನರಿಗೆ ಒಲಿದದ್ದು ಮರ. ವಿಶ್ವವಿದ್ಯಾಲಯದ ಮುದ್ರೆಯಲ್ಲಿ ಹೇಗೂ ಪಾಲೊ ಆಲ್ಟೊದ ಹಳೆಯ ರೆಡ್‌ವುಡ್ ಮರವಿದೆ. ಆದರೂ ಕುಣಿಯುವ ಮರಕ್ಕೆ ಅಧಿಕೃತ ಪಟ್ಟವಿಲ್ಲ. ಅದು ಬ್ಯಾಂಡಿನ ಕೂಸು. ಆಯ್ಕೆಯಾದವರು ತಮ್ಮ ವೇಷವನ್ನು ತಾವೇ ತಯಾರಿಸಿಕೊಳ್ಳಬೇಕು.

ನಮ್ಮ ಪತ್ರಿಕೆಗಳು ಮ್ಯಾಸ್ಕಾಟನ್ನು 'ಲಾಂಛನ' ಎಂದುಬಿಡುತ್ತವೆ. ನನಗೆ ಒಗ್ಗದು. ಲಾಂಛನ ಪೀಠದಲ್ಲಿ ಕೆತ್ತಿದ ಮಹಾವೀರನ ಸಿಂಹದ ಹಾಗೆ ಕೂತಲ್ಲೇ ಕೂರುವಂಥದ್ದು. ಹುಲಿವೇಷದ ನಾಡಿಗೆ 'ವೇಷ' ಎಂದರೆ ಸಾಲದೆ?